ಹಿತ್ತಲ ಜಗಲಿಯಲ್ಲಿ ಗೋದಾ

ಹುಚ್ಚರ ಸಹವಾಸದಿಂದ ಗೋದಾಳಿಗೂ ಮಂಕು ಹಿಡಿಯಿತೆಂದು ಹೇಳುವವರು ಮಂಡ್ಯದಲ್ಲಿ ಆಗಲೂ ಇದ್ದರು, ಈಗಲೂ ಇದ್ದಾರೆ. ಇದು ಶುದ್ಧ ಸುಳ್ಳು. ಗಂಡ ಸತ್ತ ದುಃಖವೆಂಬುದೂ ಅಷ್ಟೇ ಸುಳ್ಳು. ಮಳವಳ್ಳಿಯ ತವರಿನಲ್ಲಿ, ಮದುವೆಯ ಮಾತು ಏಳುವುದಕ್ಕೂ ಮೊದಲು, ಹದಿಮೂರರ ಹುಡುಗಿಗೆ ಒಂದು ಬೆಳಿಗ್ಗೆ ತಲೆ ಬಾಚಿಕೊಳ್ಳಲು ಕೈ ಏಳಲಿಲ್ಲ. ಜ್ವರವಿರಲಿಲ್ಲ, ಯಾರೂ ಬೈದಿರಲಿಲ್ಲ. ಬಾವಿಯ ತಳದಲ್ಲಿ ಕುಳಿತವಳಿಗೆ ಕೇಳಿಸುವಂತೆ ಮನೆಯವರ ಮಾತೆಲ್ಲ ಎಲ್ಲೋ ಮೇಲಿನಿಂದ ಕೇಳಿಸುತ್ತಿತ್ತು. ಆ ಮಂಕು ತಾನಾಗಿ ಹೋಯಿತು. ತಾನಾಗಿ ಮತ್ತೆ ಬಂತು. ಸಂಗತಿ ಇಷ್ಟು. ತಿಳಿಯದವರು ಸುಮ್ಮನಿರಬಹುದಿತ್ತು.

ಮದುವೆಯಾದ ಎರಡನೆಯ ವರ್ಷ ಗಂಡ ಪ್ಲೇಗಿನಲ್ಲಿ ತೀರಿಕೊಂಡ ಮೇಲೆ ಗೋದಾ ಮಂಡ್ಯಕ್ಕೆ, ಸೋದರತ್ತೆ ತಿರುಮಲಮ್ಮನವರ ಮನೆಗೆ ಬಂದಳು. ೧೯೪೨ರಲ್ಲಿ, ಅದೇ ಬೀದಿಯ ಕೊನೆಯಲ್ಲಿ ಡಾಕ್ಟರ್ ಕಸ್ತೂರಿರಂಗ ಅವರು ಮನೋರೋಗದ ಹೆಂಗಸರಿಗಾಗಿ ನಡೆಸುತ್ತಿದ್ದ ಸಣ್ಣ ಆರೋಗ್ಯಧಾಮದಲ್ಲಿ ದಾದಿಯ ಕೆಲಸಕ್ಕೆ ಸೇರಿದಳು. ಧೈರ್ಯ ತಂದುಕೋ ಎಂಬ ಮಾತು ಅವಳ ಬಾಯಿಂದ ಯಾವ ರೋಗಿಗೂ ಬಂದದ್ದಿಲ್ಲ. ಬಸರಾಳಿನ ಚಲುವಮ್ಮ ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದ್ದಾಗ, ಗೋದಾ ತಟ್ಟೆಯನ್ನು ಹತ್ತಿರವಿಟ್ಟು, ತಾನು ಕಿಟಕಿಯ ಆಚೆ ನೋಡುತ್ತ ಕುಳಿತಳು. ಹೊತ್ತು ಎಷ್ಟೋ ಆದ ಮೇಲೆ ಚಲುವಮ್ಮ ಮುದ್ದೆ ಮುರಿದಳು. ಅಂದಿನಿಂದ ಗೋದಾ ಪಕ್ಕದಲ್ಲಿಲ್ಲದೆ ಅವಳು ಉಣ್ಣುತ್ತಿರಲಿಲ್ಲ; ಗೋದಾ ಬಾರದ ದಿನ ಉಳಿದವರು ಹೇಗೋ ಒಂದು ಲೋಟ ಗಂಜಿ ಕುಡಿಸುತ್ತಿದ್ದರು.

ಇದನ್ನು ಕಂಡೇ ಡಾಕ್ಟರು ಗೋದಾಳನ್ನು ಮನೋರೋಗದ ಶುಶ್ರೂಷೆ ಕಲಿಯಲು ಬೆಂಗಳೂರಿಗೆ ಕಳಿಸುವ ಮನಸ್ಸು ಮಾಡಿದ್ದು. ಗೋದಾಳಿಗೂ ಬೇಕಾಗಿದ್ದದ್ದು ಅದೊಂದೇ. ತನ್ನ ಮಂಕು ಗೊತ್ತಾದರೆ ದಾದಿಯ ಜಾಗದಿಂದ ರೋಗಿಯ ಮಂಚಕ್ಕೆ ಕಳಿಸುತ್ತಾರೆಂದು ಹೆದರಿ, ಅವಳು ಅದನ್ನು ಮುಚ್ಚಿಟ್ಟಳು.

ಮುಚ್ಚಿಡಲು ಮನೆಯ ಮಡಿಯೇ ನೆರವಾಯಿತು. ಮುಟ್ಟಾದ ಹೆಂಗಸು ಹಿತ್ತಲ ಜಗಲಿಯಲ್ಲಿ ಚಾಪೆ, ಚೊಂಬು ಇಟ್ಟುಕೊಂಡು ದೂರ ಕೂರಬೇಕು, ಯಾರೂ ಮುಟ್ಟುವಂತಿಲ್ಲ, ನಾಲ್ಕನೆಯ ದಿನ ತಲೆಗೆ ಎರೆದುಕೊಂಡು ಒಳಗೆ ಬರಬೇಕು. ಡಾಕ್ಟರು ಸಹ ಆಚಾರವಂತರು. ಆ ದಿನಗಳಲ್ಲಿ ಯಾಕೆ ಬರಲಿಲ್ಲವೆಂದು ಕೇಳುತ್ತಿರಲಿಲ್ಲ. ಮಂಕು ಕವಿದಾಗಲೆಲ್ಲ ಗೋದಾ, “ದೂರ ಆಗಿದೀನಿ ಅತ್ತೆ” ಎಂದು ಹೇಳಿ ಜಗಲಿ ಸೇರುತ್ತಿದ್ದಳು.

ಆದರೆ ಮಂಕಿಗೆ ಪಂಚಾಂಗವಿಲ್ಲ. ೧೯೪೪ರ ಬೇಸಿಗೆಯಲ್ಲಿ ಒಂದೇ ತಿಂಗಳಲ್ಲಿ ಎರಡನೆಯ ಸಲ ಅವಳು ಚಾಪೆ ಹಾಸಿದಾಗ ತಿರುಮಲಮ್ಮನವರು ಬೆರಳು ಮಡಿಚಿ ದಿನ ಎಣಿಸಿದರು. ಹುಡುಗಿಗೆ ರಕ್ತಸ್ರಾವದ ರೋಗವೆಂದು ತೀರ್ಮಾನಿಸಿ, ಅಶೋಕದ ತೊಗಟೆಯ ಕಷಾಯ ಕಾಸಿ, ಹೊಸ್ತಿಲಿನಿಂದಾಚೆ ತಳ್ಳಿದರು.

“ಮೂಗು ಹಿಡಿದುಕೊಂಡು ಕುಡಿಯೇ. ರಕ್ತವೇ ಇಲ್ಲದವಳನ್ನ ಬೆಂಗಳೂರಿಗೆ ಕಳಿಸಬೇಡಿ ಅಂತ ಡಾಕ್ಟರಿಗೆ ನಾನೇ ಹೇಳ್ತೀನಿ.”

ಗೋದಾ, ತನಗಿಲ್ಲದ ರೋಗದ ಕಷಾಯ ಕುಡಿದಳು. ಇರುವ ರೋಗದ ಹೆಸರು ಹೇಳಲಿಲ್ಲ.

ಮರುದಿನ ಆರೋಗ್ಯಧಾಮದ ಆಯಾ, ಆತಗೂರಿನ ಮಂಗಳಮ್ಮ, ಹಿತ್ತಲ ಬಾಗಿಲಿಗೆ ಬಂದಳು.

“ಗೋದಮ್ನೋರೇ, ಈ ಸಲ ಚಲುವಿ ನೆನ್ನೆಯಿಂದ ಗಂಜೀನೂ ಮುಟ್ಟಿಲ್ಲ ಕಣ್ರವ್ವ. ಡಾಕ್ಟ್ರು ಮೂಗ್ನಾಗೆ ರಬ್ಬರ್ ನಳಿಗೆ ಇಟ್ಟು ಗಂಜಿ ಉಯ್ಯಬೇಕು ಅಂತವ್ರೆ.”

“ನಾನು ದೂರ ಇದೀನಿ ಮಂಗಳಮ್ಮ.”

“ದೂರ ಇದ್ರೆ ದೂರ್ದಲ್ಲೇ ಕುಂತ್ಕಳಿ. ಅವ್ಳೇನು ನಿಮ್ಮ ಮಡಿ ಕೇಳಾಳಾ? ಮೊಕ ಕಂಡ್ರೆ ಸಾಕು. ಬರಾಕಿಲ್ಲ ಅಂದ್ರೆ ಬುಡಿ, ಓಯ್ತೀನಿ.”

ಗೋದಾ ಚೊಂಬನ್ನು ಪಕ್ಕಕ್ಕೆ ಸರಿಸಿದಳು. ಎದ್ದು ನಿಲ್ಲುವುದೇ ಅವಳಿಗೆ ಅಂದಿನ ದೊಡ್ಡ ಕೆಲಸವಾಗಿತ್ತು. ಎದ್ದಳು. ಸೀರೆ ಬದಲಿಸಲು ನೇರವಾಗಿ ನಡುಮನೆಗೆ ನಡೆದು, ದಾರಿಗೆ ಅಡ್ಡವಿದ್ದ ಮಾವಿನ ಉಪ್ಪಿನಕಾಯಿಯ ಜಾಡಿಯನ್ನು ಕೈಯಾರೆ ಎತ್ತಿ ಪಕ್ಕಕ್ಕಿಟ್ಟಳು.

“ಅಯ್ಯೋ, ಜಾಡಿ ಕಣೇ. ವರ್ಷದ ಉಪ್ಪಿನಕಾಯಿ.” ತಿರುಮಲಮ್ಮನವರು ಗೋಡೆಗೆ ಆನಿಕೊಂಡರು.

“ಕೆಡೋದಿಲ್ಲ ಅತ್ತೆ. ನಾನು ದೂರ ಆಗಿಲ್ಲ. ಹಿಂದೆಯೂ ಎಷ್ಟೋ ಸಲ ಆಗಿರಲಿಲ್ಲ.”

“ಮತ್ತೆ ನನ್ನ ಕಷಾಯ?”

“ಕುಡಿದೆ.”

“ಅಷ್ಟೂನಾ?”

“ಅಷ್ಟೂ. ನನಗೆ ಮನಸ್ಸು ಏಳೋದಿಲ್ಲ ಅತ್ತೆ. ಮಳವಳ್ಳಿಯಲ್ಲಿದ್ದಾಗಿನಿಂದ. ಅದಕ್ಕೆ ಅಲ್ಲಿ ಕೂತಿರ್ತೀನಿ.”

ತಿರುಮಲಮ್ಮನವರು ಒಮ್ಮೆ ಜಾಡಿಯನ್ನು, ಒಮ್ಮೆ ಸೋದರಸೊಸೆಯನ್ನು ನೋಡಿದರು. “ಹೋಗು, ಆ ಹೆಂಗಸಿಗೆ ಊಟ ಹಾಕು” ಎಂದಷ್ಟೇ ಹೇಳಿದರು.

ಚಲುವಮ್ಮ ಉಂಡಳು. ನಳಿಗೆಯನ್ನು ಮರಳಿ ಪೆಟ್ಟಿಗೆಯಲ್ಲಿಟ್ಟ ಡಾಕ್ಟರಿಗೆ ಗೋದಾ ತಾನಾಗಿಯೇ ಎಲ್ಲವನ್ನೂ ಹೇಳಿದಳು. ಅವರಿಗೆ ಕೋಪ ಬಂದದ್ದು ರೋಗಕ್ಕಲ್ಲ.

“ಏನೂ ಹೇಳದೆ ಮಾಯವಾದೆಯಲ್ಲ, ಆ ಹೆಂಗಸಿನ ಗತಿ ಏನಾಗಬೇಕಿತ್ತು? ಮೊದಲೇ ಹೇಳಿದ್ದರೆ ಚಲುವಮ್ಮನನ್ನು ಇನ್ನೊಬ್ಬರಿಗೂ ರೂಢಿ ಮಾಡಿಸುತ್ತಿದ್ದೆ.”

“ಹೇಳಿದರೆ ಬೆಂಗಳೂರು ತಪ್ಪುತ್ತದೆ ಅಂತ.”

“ಈ ವರ್ಷ ತಪ್ಪಿತು. ಒಂದು ವರ್ಷ, ಮಂಕು ಬಂದ ದಿನವೇ ನನಗೆ ಹೇಳಿ, ಕೆಲಸ ಒಪ್ಪಿಸಿ ಮಲಗು. ಅಷ್ಟು ಕಲಿತರೆ ನಾನೇ ರೈಲು ಹತ್ತಿಸುತ್ತೇನೆ.”

ಕಲಿತಳು. ೧೯೪೫ರಲ್ಲಿ ಡಾಕ್ಟರು ಮಾತಿನಂತೆ ರೈಲು ಹತ್ತಿಸಿದರು. ೧೯೪೭ರ ಆರಂಭದಲ್ಲಿ ಅವಳು ಅದೇ ಆರೋಗ್ಯಧಾಮಕ್ಕೆ ಮುಖ್ಯ ದಾದಿಯಾಗಿ ಮರಳಿದಳು. ಆಮೇಲೆ ಅವಳ ಕಾಯಿಲೆ ಪೂರ್ತಿ ವಾಸಿಯಾಯಿತೆಂದು ಬರೆಯುವವರು ಬರೆಯಲಿ, ಅದೂ ಸುಳ್ಳು. ಬಂದ ವರ್ಷವೇ ಶ್ರಾವಣದಲ್ಲಿ ಮಂಕು ಕವಿಯಿತು. ಗೋದಾ ಡಾಕ್ಟರಿಗೆ ಹೇಳಿ, ಚಲುವಮ್ಮನ ಊಟವನ್ನು ಮಂಗಳಮ್ಮನಿಗೆ ಒಪ್ಪಿಸಿ ಮನೆಗೆ ಬಂದಳು.

ತಿರುಮಲಮ್ಮನವರು ಹಿತ್ತಲ ಜಗಲಿಯಲ್ಲಿ ಚಾಪೆ ಹಾಸಿದರು. ಆಮೇಲೆ, ಉಟ್ಟ ಮಡಿಸೀರೆಯಲ್ಲೇ ಚಾಪೆಯ ಮೇಲೆ ಕುಳಿತು, ಸೊಸೆಯ ತಲೆಯನ್ನು ತೊಡೆಗೆಳೆದುಕೊಂಡು ಬಾಚತೊಡಗಿದರು.

“ಕಷಾಯ ಬೇಡ ತಾನೆ?” ಎಂದರು.

“ಬೇಡ ಅತ್ತೆ.”

“ಮಾಡಿಲ್ಲ ಬಿಡು.”