ಮೇಜಿನ ಮೇಲಿನ ಬಾಣ

ಲ್ಯಾಬಿನಲ್ಲಿ ಹನಿ ಅಳೆಯುವ ಗಾಜಿನ ಬ್ಯುರೆಟ್‌ಗಳು ನಲವತ್ತೆಂಟು. ಮೂರನೇ ಸಲ ಎಣಿಸಿದಾಗಲೂ ನಲವತ್ತೆಂಟೇ. ಆದರೂ ಟೇಬಲ್ ಅಕ್ಕನ ಕೈ ಸುಮ್ಮನಿರಲೊಲ್ಲದು. ಕಪಾಟಿನ ಬಾಗಿಲು ಹಾಕಿ ಬೀಗ ಎಳೆದು ನೋಡಿದಳು. ಎರಡು ಹೆಜ್ಜೆ ಹೋಗಿ, ವಾಪಸ್ ಬಂದು ಮತ್ತೆ ಎಳೆದಳು. ಮೂರು ಗಂಟೆಗೆ ಪ್ರಿನ್ಸಿಪಾಲರ ಕೋಣೆಯಲ್ಲಿ ಸಭೆ. ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಹೊಸ ಮುಖ್ಯ ಕೋಚ್ ಯಾರು ಎಂದು ತೀರ್ಮಾನಿಸುವ ಐದು ಜನರಲ್ಲಿ ಅವಳೂ ಒಬ್ಬಳು. ಬೋಧಕೇತರ ಸಿಬ್ಬಂದಿಯ ಪರವಾಗಿ.

ಅವಳ ಕೆಲಸ ಕೆಮಿಸ್ಟ್ರಿ ಲ್ಯಾಬ್ ಅಸಿಸ್ಟೆಂಟಿನದು. ಟೇಬಲ್ ಅಕ್ಕ ಎಂಬ ಹೆಸರು ಬಂದದ್ದು ಆಟದ ಅಂಗಳದಿಂದ. ಇಪ್ಪತ್ತೆರಡು ವರ್ಷದ ಹಿಂದೆ, ಅಂಕ ಬರೆಯುವವರು ಕೈಕೊಟ್ಟ ಒಂದು ಸಂಜೆ, "ಹನಿ ಹನಿ ಲೆಕ್ಕ ಇಡೋ ನಿಮಗೆ ಇದೇನು ಮಹಾ" ಎಂದು ತಂಡದ ಮುಖ್ಯ ಕೋಚ್, ಎಲ್ಲರ ಬಾಯಲ್ಲಿ ದೊಡ್ಡ ಕೋಚ್, ಅವಳನ್ನು ಅಂಗಳದ ಪಕ್ಕದ ಮೇಜಿಗೆ ಕೂರಿಸಿದರು. ಕೂತವಳು ಮತ್ತೆ ಏಳಲಿಲ್ಲ. ಎರಡು ಬಣ್ಣದ ಪೆನ್ನು, ಒಂದು ಅಡಿಕೋಲು, ನೆಟ್ಟ ನೋಟ. ತಂಡದಲ್ಲಿ ಒಂದು ಮಾತೇ ಹುಟ್ಟಿಕೊಂಡಿತು: ರೆಫರಿ ತಪ್ಪಬಹುದು, ಗಡಿಯಾರ ತಪ್ಪಬಹುದು, ಟೇಬಲ್ ಅಕ್ಕ ತಪ್ಪಲ್ಲ.

ಆ ಮಾತೇ ಈಗ ಗಂಟಲಿನ ಮುಳ್ಳಾಗಿತ್ತು.

ಮಂಡಿ ಕೈಕೊಟ್ಟಿದ್ದರಿಂದ ದೊಡ್ಡ ಕೋಚ್ ನಿವೃತ್ತಿ ತೆಗೆದುಕೊಂಡಿದ್ದರು. ಹದಿನಾಲ್ಕು ಅರ್ಜಿಗಳಲ್ಲಿ ಎರಡು ಉಳಿದಿದ್ದವು. ಒಂದು ಹೊರಗಿನವರದು, ಮೂರು ಕಪ್ ಗೆಲ್ಲಿಸಿದವರು, ಬಾಗಿಲಿಗೆ ತಲೆ ತಗ್ಗಿಸಿ ಬರುವಷ್ಟು ಎತ್ತರ. ಇನ್ನೊಂದು, ಹನ್ನೊಂದು ವರ್ಷದಿಂದ ಇಲ್ಲೇ ಸಹಾಯಕ ಕೋಚ್ ಆಗಿದ್ದ ಕುಳ್ಳನದು. ಎಲ್ಲರೂ ಅವನನ್ನು ಹಾಗೇ ಕರೆಯುತ್ತಿದ್ದರು. "ಬುಟ್ಟಿ ಕೆಳಗೆ ನಾನು ನಿಂತ್ರೆ, ನನ್ನ ತಲೆ ಮೇಲೆ ಇನ್ನೊಬ್ಬ ಕುಳ್ಳ ನಿಲ್ಲೋಕೆ ಜಾಗ ಇರುತ್ತೆ" ಎಂದು ತಾನೇ ನಗುತ್ತಿದ್ದ. ಹೊರಗಿನವರು ಬಂದರೆ ತಮ್ಮದೇ ಸಹಾಯಕನನ್ನು ತರುತ್ತಾರೆ. ನಲವತ್ತಾರರ ಕುಳ್ಳ ಮನೆಗೆ ಹೋಗಬೇಕು.

ಅವನ ಅರ್ಜಿಗೆ ಅಂಟಿದ್ದ ಮಸಿ ಒಂದೇ: ಏಳು ವರ್ಷದ ಹಿಂದಿನ ಫೈನಲ್.

ಬ್ಯಾಸ್ಕೆಟ್‌ಬಾಲ್‌ನಲ್ಲಿ ಇಬ್ಬರು ಎದುರಾಳಿಗಳು ಚೆಂಡನ್ನು ಒಟ್ಟಿಗೆ ಹಿಡಿದು ಯಾರೂ ಬಿಡದಿದ್ದರೆ ರೆಫರಿ ಸೀಟಿ ಊದುತ್ತಾರೆ. ಚೆಂಡು ಯಾರಿಗೆ ಎನ್ನುವುದು ಸರದಿಯ ಪ್ರಕಾರ; ಆಟದ ನಾಲ್ಕು ಭಾಗಗಳಲ್ಲಿ, ಅಂದರೆ ಕ್ವಾರ್ಟರ್‌ಗಳಲ್ಲಿ, ಮೊದಲನೆಯದು ಬಿಟ್ಟು ಉಳಿದವು ಶುರುವಾಗುವುದೂ ಹಾಗೆಯೇ. ಸರದಿ ಯಾರದು ಎಂದು ತೋರಿಸಲು ಮೇಜಿನ ಮೇಲೆ ಒಂದು ಬಾಣ ಇರುತ್ತದೆ. ಟೇಬಲ್ ಅಕ್ಕನ ಬಾಣ ಮರದ್ದು. ಗಡಿಯಾರ ರಿಪೇರಿ ಮಾಡುವ ಅವಳ ಗಂಡ ಕೆತ್ತಿ, ಕೆಂಪು ಬಳಿದು, ಹಳೆ ಗಡಿಯಾರದ ಕಡ್ಡಿಯ ಮೇಲೆ ಕೂರಿಸಿಕೊಟ್ಟದ್ದು. ಒಂದು ತಂಡ ಸರದಿ ಬಳಸಿಕೊಂಡ ಕೂಡಲೇ ಬಾಣವನ್ನು ಇನ್ನೊಂದು ತಂಡದ ಕಡೆಗೆ ತಿರುಗಿಸಬೇಕು. ತಿರುಗಿಸಿದ್ದಕ್ಕೆ ಹಾಳೆಯ ಅಂಚಿನಲ್ಲಿ ಒಂದು ಗೀಟು ಹಾಕುವುದು ಅವಳದೇ ಪದ್ಧತಿ.

ಆ ಫೈನಲ್‌ನ ಕೊನೇ ಕ್ವಾರ್ಟರ್ ಶುರುವಾದದ್ದು ನಮ್ಮ ತಂಡದ ಸರದಿಯಿಂದ. ಅದೇ ಹೊತ್ತಿಗೆ ಅವಳ ಹಾಳೆಯಲ್ಲಿ ಆಟಗಾರರ ಅಂಕಗಳ ಮೊತ್ತಕ್ಕೂ ತಂಡದ ಅಂಕಕ್ಕೂ ಎರಡರ ವ್ಯತ್ಯಾಸ ಬಂತು. ಆ ಎರಡನ್ನು ಹುಡುಕುತ್ತಾ ಬಾಣ ತಿರುಗಿಸುವುದನ್ನೇ ಮರೆತಳು. ಎರಡು ಅಂಕ ಸಿಕ್ಕಿತು. ಬಾಣ ಇದ್ದಲ್ಲೇ ಇತ್ತು.

ಹದಿನೆಂಟು ಸೆಕೆಂಡ್ ಉಳಿದಿದ್ದಾಗ ನಾವು ಅರವತ್ತೊಂದು, ಅವರು ಅರವತ್ತು. ಚೆಂಡಿಗೆ ಇಬ್ಬರು ಜೋತುಬಿದ್ದರು. ಸೀಟಿ. ಬಾಣ ನಮಗೆ ಎನ್ನುತ್ತಿತ್ತು. ಆಗ ಕುಳ್ಳ ರೆಫರಿಯ ಬಳಿ ಓಡಿಹೋಗಿ ಏನೋ ಹೇಳಿದ. ರೆಫರಿ ಮೇಜಿಗೆ ಬಂದು ಕೇಳಿದರು. ಟೇಬಲ್ ಅಕ್ಕ ಹೌದೆಂದು ತಲೆಯಾಡಿಸಿ, ಬಾಯಿಬಿಡದೆ ಬಾಣ ತಿರುಗಿಸಿದಳು. ಎದುರಾಳಿಗಳು ಚೆಂಡು ಪಡೆದು ಬುಟ್ಟಿಗೆ ಹಾಕಿದರು. ಒಂದು ಅಂಕದಿಂದ ಸೋಲು.

ಕುಳ್ಳ ವಾದ ಮಾಡಿ ರೆಫರಿಯ ತಲೆ ಕೆಡಿಸಿದ, ಗೆದ್ದ ಆಟ ಕೊಟ್ಟುಬಂದ, ಎಂದು ಊರೆಲ್ಲ ಆಡಿಕೊಂಡಿತು. ಬಾಣ ತಪ್ಪಿರಲು ಸಾಧ್ಯವೇ ಇರಲಿಲ್ಲ. ಮೇಜಿನಲ್ಲಿ ಕೂತಿದ್ದವಳು ಟೇಬಲ್ ಅಕ್ಕ.

ಅವಳು ಈ ವಿಷಯ ಹೇಳಿದ್ದು ಗಂಡನಿಗೆ ಮಾತ್ರ. ಇವತ್ತು ಬೆಳಗ್ಗೆ ಅವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾರದೋ ಕೈಗಡಿಯಾರದ ಹೊಟ್ಟೆ ಬಿಚ್ಚಿ ಕೂತಿದ್ದ.

"ಏನು, ಕಾಲಿಗೆ ಚಕ್ರ ಕಟ್ಕೊಂಡಿದ್ದೀಯಾ? ಆ ಲೋಟ ಎತ್ತಿಟ್ಟಿದ್ದು ಇದು ನಾಲ್ಕನೇ ಸಲ."

"ಎಣಿಸ್ತಾ ಕೂತಿದ್ದೀರಾ?"

"ನಿನ್ನ ಜೊತೆ ಇಪ್ಪತ್ತೇಳು ವರ್ಷ ಇದ್ರೆ ಅದು ಅಂಟುಜಾಡ್ಯ. ಹೇಳ್ಬಿಡು ಇವತ್ತು."

"ಹೇಳಿದ್ರೆ ಇಷ್ಟು ವರ್ಷದ ಹೆಸರು ನೀರಲ್ಲಿ ಹೋಮ ಆಗುತ್ತೆ, ರೀ."

"ನಾನು ರಿಪೇರಿ ಮಾಡಿದ ಗಡಿಯಾರ ಎಷ್ಟು ವಾಪಸ್ ಬಂದಿವೆ ಗೊತ್ತಾ? ಜನ ಬಯ್ದು, ಮತ್ತೆ ಇಲ್ಲೇ ಕೊಟ್ಟು ಹೋಗ್ತಾರೆ."

"ನಿಮಗೇನು, ಬಯ್ಗುಳ ಕೇಳಿ ಕೇಳಿ ರೂಢಿ."

"ಅದೇ ನಾನು ಹೇಳ್ತಿರೋದು. ನಿನಗೆ ರೂಢಿ ಇಲ್ಲ."

ಅವಳು ಬೀರುವಿನಿಂದ ಆ ಫೈನಲ್‌ನ ಹಾಳೆಯ ಪ್ರತಿ ತೆಗೆದು ಚೀಲಕ್ಕೆ ಹಾಕಿಕೊಂಡಳು. ತೆಗೆದಳು. ಚಪ್ಪಲಿ ಹಾಕಿಕೊಂಡ ಮೇಲೆ ಮತ್ತೆ ಒಳಗೆ ಹೋಗಿ ಹಾಕಿಕೊಂಡಳು.

ಸಭೆಯಲ್ಲಿ ಮೊದಲು ಹೊರಗಿನವರ ಫೈಲು ಸುತ್ತಿ ಬಂತು. ಆಮೇಲೆ ಪ್ರಿನ್ಸಿಪಾಲರು ಕುಳ್ಳನ ಬಗ್ಗೆ ದೊಡ್ಡ ಕೋಚ್ ಬರೆದಿದ್ದ ಪತ್ರ ಓದಿದರು: ಆಟಗಾರರನ್ನು ತಯಾರು ಮಾಡುವುದರಲ್ಲಿ ಎತ್ತಿದ ಕೈ, ಒತ್ತಡ ಬಂದಾಗ ಎಡವುತ್ತಾನೆ.

"ಆ ಫೈನಲ್ ಒಂದೇ ಸಾಕಲ್ಲ," ಎಂದರು ಹಳೆ ವಿದ್ಯಾರ್ಥಿಗಳ ಸಂಘದ ಅಧ್ಯಕ್ಷರು. "ಗೆದ್ದ ಕಪ್ಪನ್ನ ತಟ್ಟೇಲಿಟ್ಟು ಕೊಟ್ಟ. ಬಾಣ ತಪ್ಪಾಗಿದೆ ಅಂದನಂತೆ. ಟೇಬಲ್ಲಲ್ಲಿ ಇದ್ದಿದ್ದು ಯಾರು? ನಮ್ಮ ಅಕ್ಕ. ಅಕ್ಕ ತಪ್ಪು ಮಾಡ್ತಾರಾ?"

ಎಲ್ಲರೂ ಅವಳ ಕಡೆ ನೋಡಿ ಮೆಚ್ಚುಗೆಯಿಂದ ನಕ್ಕರು. ಮೇಜಿನ ಕೆಳಗೆ ಅವಳ ಕಾಲು ಹೊಲಿಗೆ ಯಂತ್ರದ ಹಾಗೆ ಆಡುತ್ತಿತ್ತು.

"ಮಾಡ್ತೀನಿ ಸಾರ್," ಎಂದಳು. "ಅವತ್ತು ಮಾಡಿದೆ."

ಹಾಳೆ ಬಿಡಿಸಿ ಅಂಚು ತೋರಿಸಿದಳು. ಐದು ಗೀಟು ಇರಬೇಕಾದ ಕಡೆ ನಾಲ್ಕೇ ಇದ್ದವು. ಕೊನೇ ಕ್ವಾರ್ಟರ್‌ನ ಎದುರು ಅಂಚು ಖಾಲಿ; ಅದರ ಪಕ್ಕದಲ್ಲೇ ಎರಡು ಅಂಕ ತಿದ್ದಿದ ಗುರುತು. ನಡೆದದ್ದನ್ನು ನಡೆದ ಕ್ರಮದಲ್ಲೇ, ಪ್ರಯೋಗದ ವರದಿ ಓದುವಂತೆ ಹೇಳಿದಳು.

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?" ಪ್ರಿನ್ಸಿಪಾಲರು ಕೇಳಿದರು.

"ಯಾರೂ ಕೇಳ್ಲಿಲ್ಲ ಸಾರ್." ಆ ಉತ್ತರ ಅವಳಿಗೇ ಹಿಡಿಸಲಿಲ್ಲ. "ಅದಲ್ಲ. ಹೇಳಿದ್ರೆ ಟೇಬಲ್ಲಿಂದ ಎಬ್ಬಿಸ್ತೀರಿ ಅಂತ ಹೆದರಿದೆ."

ಅಧ್ಯಕ್ಷರು ಗಲ್ಲ ಕೆರೆದುಕೊಂಡರು. "ಆದ್ರೂ ಅವನು ಬಾಯಿ ಮುಚ್ಕೊಂಡಿದ್ದಿದ್ರೆ ಕಪ್ ನಮ್ದಾಗಿರ್ತಿತ್ತು."

ಸಮಿತಿಯಲ್ಲಿದ್ದ ಗಣಿತದ ಮೇಡಂ ಕನ್ನಡಕ ತೆಗೆದರು. "ಅಷ್ಟು ಗಲಾಟೇಲಿ, ಹದಿನೆಂಟು ಸೆಕೆಂಡ್ ಇರುವಾಗ, ಕ್ವಾರ್ಟರ್ ಶುರುವಾದಾಗ ಸರದಿ ಯಾರದಿತ್ತು ಅಂತ ನೆನಪಿಟ್ಟಿದ್ದು ಆ ಅಂಗಳದಲ್ಲಿ ಅವನೊಬ್ಬನೇ. ಅಂಥವನು ಒತ್ತಡದಲ್ಲಿ ಎಡವ್ತಾನೆ ಅಂತೀರಲ್ಲ, ಯಾವ ಲೆಕ್ಕ ಇದು?"

ಕೈ ಎತ್ತಿದಾಗ ಅವನ ಪರ ಮೂರು, ವಿರುದ್ಧ ಎರಡು. ಕುಳ್ಳನೇ ಮುಖ್ಯ ಕೋಚ್, ಸದ್ಯ ಒಂದು ವರ್ಷಕ್ಕೆ. ಟೇಬಲ್ಲಿನ ವಿಷಯ ಹೊಸ ಕೋಚ್ ನೋಡಿಕೊಳ್ಳಲಿ ಎಂದು ಪ್ರಿನ್ಸಿಪಾಲರು ಫೈಲು ಮುಚ್ಚಿದರು.

ಕುಳ್ಳ ಅಂಗಳದಲ್ಲಿ ಚೆಂಡುಗಳಿಗೆ ಗಾಳಿ ತುಂಬುತ್ತಿದ್ದ. ಅವಳು ಸುದ್ದಿ ಹೇಳಿದಳು. ಜೊತೆಗೆ, ಸಭೆಯಲ್ಲಿ ತಾನು ಏನು ಹೇಳಿದೆ ಎಂಬುದನ್ನೂ. ಅವನು ಪಂಪು ಒತ್ತುವುದನ್ನು ನಿಲ್ಲಿಸಿದ.

"ಏಳು ವರ್ಷ ಅಕ್ಕ," ಎಂದ. "ಮೊದಲ ವರ್ಷ ದಿನಾ ಕಾದೆ, ಇವತ್ತು ಹೇಳ್ತೀರಿ, ನಾಳೆ ಹೇಳ್ತೀರಿ ಅಂತ."

"ನೀನೇ ಹೇಳಬಹುದಿತ್ತಲ್ಲಪ್ಪ."

"ಹೇಳಿದೆ, ಇಬ್ಬರ ಹತ್ರ. ಅಕ್ಕನ ಮೇಲೆ ಹಾಕ್ತೀಯಾ, ನಾಚಿಕೆ ಇಲ್ವಾ ಅಂದ್ರು."

ಅವಳು ಚೀಲದಿಂದ ಕೆಂಪು ಬಾಣ ತೆಗೆದು ಅವನ ಮುಂದೆ ಹಿಡಿದಳು. "ಬೇರೆ ಯಾರನ್ನಾದ್ರೂ ಕೂರಿಸು. ನನಗೆ ಬೇಜಾರಿಲ್ಲ."

ಬೇಜಾರಿತ್ತು; ಅವನಿಗೂ ಗೊತ್ತಿತ್ತು. ಬಾಣವನ್ನು ತೆಗೆದುಕೊಂಡು ಜೇಬಿಗಿಟ್ಟುಕೊಂಡ. ಮತ್ತೆ ಪಂಪು ಒತ್ತತೊಡಗಿದ.

ಮೂರು ವಾರ ಅವಳು ಬ್ಯುರೆಟ್ ಎಣಿಸಿದಳು. ಮೊದಲ ಪಂದ್ಯದ ದಿನ, ಪ್ರೇಕ್ಷಕರ ಸಾಲಿನಲ್ಲಿ ಕೂರೋಣ ಎಂದುಕೊಂಡೇ ಹೋದಳು. ಮೇಜಿನ ಹಿಂದಿನ ಕುರ್ಚಿ ಖಾಲಿಯಿತ್ತು. ಹಾಳೆ, ಅಡಿಕೋಲು, ಬಾಣ, ಎಲ್ಲ ಅವಳು ಇಡುವ ಜಾಗದಲ್ಲೇ ಇದ್ದವು. ಕುಳ್ಳ ದೂರದಿಂದಲೇ ಬಂದ. ಮುಖದಲ್ಲಿ ನಗು ಇರಲಿಲ್ಲ.

"ಇನ್ಮೇಲೆ ಒಂದು ನಿಯಮ, ಅಕ್ಕ. ಬಾಣ ತಿರುಗಿಸಿದ ಕೂಡ್ಲೇ ಬಾಯಿಬಿಟ್ಟು ಹೇಳಬೇಕು. ನನ್ನ ಬೆಂಚಿಗೆ ಕೇಳೋ ಹಾಗೆ."

"ಜನ ನಗ್ತಾರೆ."

"ನಗಲಿ."

ನಾಲ್ಕನೇ ನಿಮಿಷಕ್ಕೆ ಇಬ್ಬರು ಚೆಂಡಿಗೆ ಜೋತುಬಿದ್ದರು. ಸೀಟಿ. ಎದುರಾಳಿಗಳ ಸರದಿ, ಅವರು ಗೆರೆಯಾಚೆಯಿಂದ ಚೆಂಡನ್ನು ಅಂಗಳದೊಳಗೆ ಎಸೆದರು. ಟೇಬಲ್ ಅಕ್ಕ ಬಾಣ ತಿರುಗಿಸಿದಳು.

"ತಿರುಗಿಸಿದೆ," ಎಂದಳು.

"ಕೇಳ್ಲಿಲ್ಲ," ಎಂದ ಕುಳ್ಳ, ಆಟದಿಂದ ಕಣ್ಣು ಕೀಳದೆ.

"ತಿರುಗಿಸಿದೆ!"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕುಳ್ಳ ತಿರುಗಿ ನೋಡದೆಯೇ ಕೈ ಎತ್ತಿ ಆಯಿತು ಎಂದ. ಅವಳು ಅಂಚಿನಲ್ಲಿ ಗೀಟು ಹಾಕಿದಳು. ಮೇಜಿನ ಕೆಳಗೆ ಕಾಲು ಇನ್ನೂ ಆಡುತ್ತಲೇ ಇತ್ತು.