ಕಂಪ್ಲಿ ಮಾಸ್ತರ ಲೆನ್ಸು ಮತ್ತು ಒಂದು ಖಾಲಿ ಉಂಗುರ

ಚಿತ್ರದುರ್ಗದಿಂದ ಹೊಸಪೇಟೆಗೆ ಬೆಳಿಗ್ಗೆ ಆರೂಕಾಲಿಗೆ ಬಸ್ಸು ಹೊರಟಿತು. ಕಂಡಕ್ಟರಿಗೆ ಆಧಾರ್ ತೋರಿಸಿ ಶೂನ್ಯ ಟಿಕೆಟ್ ಪಡೆದು, ಕ್ಯಾಮೆರಾ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಕಿಟಕಿಯ ಪಕ್ಕ ಕುಳಿತೆ. ಚೀಲವನ್ನು ಮೇಲಿಡಿ ಎಂದು ಪಕ್ಕದ ಹೆಂಗಸು ಎರಡು ಸಲ ಹೇಳಿದರು. ನಾನು ಇಡಲಿಲ್ಲ. ಅದರಲ್ಲಿ ಇದ್ದದ್ದು ಹೊಸ ಮಿರರ್‌ಲೆಸ್ ಕ್ಯಾಮೆರಾ ಮತ್ತು ನನಗಿಂತ ಹಳೆಯದಾದ ಒಂದು ಲೆನ್ಸು. ನಾನು ಜೋಪಾನ ಮಾಡುತ್ತಿದ್ದದ್ದು ಎರಡನೆಯದನ್ನು.

ಆ ಲೆನ್ಸು ಕಂಪ್ಲಿಯ ಷಣ್ಮುಖಪ್ಪ ಮಾಸ್ತರದು. ನಮ್ಮ ಅಪ್ಪ ಕಾಲುವೆ ಆಫೀಸಿನಲ್ಲಿ ಗುಮಾಸ್ತರಾಗಿ ಕಂಪ್ಲಿಯಲ್ಲಿದ್ದ ನಾಲ್ಕು ವರ್ಷ ನಾನು ಶಾಲೆ ಬಿಟ್ಟ ಮೇಲೆ ಇರುತ್ತಿದ್ದದ್ದು ಮಾಸ್ತರ ಸ್ಟುಡಿಯೋದಲ್ಲೇ. ಫಿಲಂ ಹಾಕುವುದು, ಬೆಳಕು ಅಂದಾಜು ಮಾಡುವುದು, ಬೈಸಿಕೊಳ್ಳುವುದು, ಎಲ್ಲವನ್ನೂ ಅಲ್ಲೇ ಕಲಿತೆ. ಊರು ಬಿಡುವಾಗ ಅವರು ಈ ಐವತ್ತು ಮಿಲಿಮೀಟರಿನ ಲೆನ್ಸನ್ನು ಹಳದಿ ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದರು. ಈಗ ಚಿತ್ರದುರ್ಗದಲ್ಲಿ ನನ್ನದೇ ಸ್ಟುಡಿಯೋ ಇದೆ, ಮದುವೆ ಸೀಸನ್ನಿನಲ್ಲಿ ಊಟಕ್ಕೂ ಪುರಸೊತ್ತಿಲ್ಲದಷ್ಟು ಕೆಲಸವಿದೆ. ಲೆನ್ಸು ಮಾತ್ರ ಬೀರುವಿನಲ್ಲಿತ್ತು.

ಹೊಸ ಕ್ಯಾಮೆರಾ ಕೊಂಡ ದಿನ ಅಂಗಡಿಯವನು ಆ ಲೆನ್ಸನ್ನು ಕೈಯಲ್ಲಿ ತಿರುಗಿಸಿ ನೋಡಿ, "ಇದನ್ನ ಶೋಕೇಸಲ್ಲಿ ಇಡಿ ಮೇಡಂ" ಎಂದ. ನನಗೆ ಮೊದಲೇ ಮುಂಗೋಪ. ಹಟ ಹಿಡಿದು, ಹಳೆಯ ಲೆನ್ಸನ್ನು ಹೊಸ ಕ್ಯಾಮೆರಾಕ್ಕೆ ಜೋಡಿಸುವ ಅಡಾಪ್ಟರ್ ತರಿಸಿದೆ. ಬಂದದ್ದು ಒಂದು ಲೋಹದ ಉಂಗುರ, ಒಳಗೆ ಗಾಜೂ ಇಲ್ಲ, ತಂತಿಯೂ ಇಲ್ಲ. ಹಳೆಯ ಕ್ಯಾಮೆರಾದ ಹೊಟ್ಟೆಯಲ್ಲಿ ಕನ್ನಡಿ ಕೂರಲು ಜಾಗ ಬೇಕಿತ್ತು, ಲೆನ್ಸು ಅಷ್ಟು ದೂರ ನಿಲ್ಲುತ್ತಿತ್ತು. ಕನ್ನಡಿ ಹೋಯಿತು, ಕ್ಯಾಮೆರಾ ತೆಳ್ಳಗಾಯಿತು. ಕಳೆದುಹೋದ ಆ ದೂರವನ್ನು ಈ ಉಂಗುರ ಮತ್ತೆ ತಂದುಕೊಡುತ್ತದೆ. ಬರೀ ಖಾಲಿ ಜಾಗಕ್ಕೆ ದುಡ್ಡು ಕೊಟ್ಟೆಯಾ ಎಂದು ಮನೆಯವರು ನಕ್ಕರು.

ಹೊರಡಲು ಕಾರಣವಾದದ್ದು ಒಂದು ಫೋನು. ಮಾಸ್ತರ ಸೊಸೆ ಶಿಲ್ಪಾ ಮಾಡಿದ್ದಳು. ಈಗ ಕಂಪ್ಲಿಯ ಸ್ಟುಡಿಯೋ ನಡೆಸುವವಳು ಅವಳೇ. "ಅಕ್ಕಾ, ಮಾವಾರ ಕಣ್ಣು ಭಾಳ ಕೆಟ್ಟಾವ. ನಡುವಿಂದು ಏನೂ ಕಾಣಂಗಿಲ್ಲ, ಮಗ್ಗಲಿಂದು ಚೂರು ಕಾಣತೈತಿ. ಹೋದದ್ದು ಬರಂಗಿಲ್ಲ ಅಂದಾರ ಡಾಕ್ಟ್ರು. ಒಮ್ಮೆ ಬಂದು ಹೋಗ್ರಿ." ಅವರ ಲೆನ್ಸಿನಲ್ಲಿ ಹಂಪಿ, ಸಂಡೂರುಗಳನ್ನು ತೆಗೆದು, ಕಣ್ಣಿನಲ್ಲಿ ಇನ್ನೂ ಏನಾದರೂ ಉಳಿದಿರುವಾಗಲೇ ತೋರಿಸಿ, ಲೆನ್ಸನ್ನು ಅವರ ಕೈಗೇ ಒಪ್ಪಿಸಿ ಬರಬೇಕೆಂದುಕೊಂಡೆ. ಅವರಿಗೆ ಕಂಡೀತೇ? ಪ್ರಯಾಣದ ನಾಲ್ಕು ದಿನವೂ ತಲೆ ಕೊರೆದದ್ದು ಇದೊಂದೇ ಪ್ರಶ್ನೆ.

ಮರಿಯಮ್ಮನಹಳ್ಳಿ ದಾಟುವ ತನಕ ಲಾರಿಗಳ ಹಿಂದೆ ತೆವಳಿದೆವು. ಆಮೇಲೆ ಸುರಂಗ, ಸುರಂಗ ಕಳೆದ ಮೇಲೆ ಡ್ಯಾಮಿನ ನೀರು. ಕಾರ್ತಿಕ ಮುಗಿದು ಚಳಿ ಹಿಡಿದಿತ್ತು. ಹೊಸಪೇಟೆ ಬಸ್ ನಿಲ್ದಾಣದ ಎದುರು ಮಂಡಕ್ಕಿ ಒಗ್ಗರಣೆ, ಎರಡು ಮಿರ್ಚಿ ತಿಂದು ಚಹಾ ಕುಡಿದು, ಲಾಡ್ಜಿನಲ್ಲಿ ಚೀಲ ಇಟ್ಟೆ. ಸಂಜೆ ಟಿ.ಬಿ. ಡ್ಯಾಮಿಗೆ ಹೋದೆನಾದರೂ ಲೆನ್ಸನ್ನು ಹೊರಗೆ ತೆಗೆಯಲಿಲ್ಲ. ಮೊದಲ ಚಿತ್ರ ಹಂಪಿಯದೇ ಆಗಬೇಕೆಂಬ ಮಡಿ.

ಮಡಿ ಮಾಡಿದ್ದಕ್ಕೆ ಸರಿಯಾಗಿ ಅನುಭವಿಸಿದೆ. ಮರುದಿನ ಕತ್ತಲಲ್ಲೇ ಆಟೋ ಹಿಡಿದೆ. ಹದಿಮೂರು ಕಿಲೋಮೀಟರಿಗೆ ನಾಲ್ಕುನೂರು ಕೇಳಿದವನು ಮುನ್ನೂರಕ್ಕೆ ಒಪ್ಪಿದ. ಹೇಮಕೂಟದ ಬಂಡೆ ಏರಿ ಉಂಗುರ ಸಿಕ್ಕಿಸಿ, ಲೆನ್ಸು ಹಾಕಿದೆ. ಸೂರ್ಯ ಬಂಡೆಗಳ ಹಿಂದಿನಿಂದ ಎದ್ದ. ಒಂದೊಂದೇ ಬಂಡೆಗೆ ಬೆಳಕು ತಾಗಿ, ಇಡೀ ಬಯಲು ಈಗಷ್ಟೇ ಹುಟ್ಟಿದ್ದೇನೋ ಎನ್ನುವಂತೆ ಕೆಂಪಾಯಿತು. ಗುಂಡಿ ಒತ್ತಿದೆ. ಕ್ಯಾಮೆರಾ ಮಿಸುಕಲಿಲ್ಲ. ಪರದೆಯ ಮೇಲೆ ಒಂದೇ ಸಾಲು ಬಂತು, ಲೆನ್ಸ್ ಜೋಡಿಸಿಲ್ಲ ಎಂದು.

ತೆಗೆದು ಹಾಕಿದೆ, ಒರೆಸಿ ಹಾಕಿದೆ, ಬೈದು ಹಾಕಿದೆ. ಮತ್ತೆ ಅದೇ ಸಾಲು. ಅಷ್ಟರಲ್ಲಿ ಸೂರ್ಯ ಮೇಲೆ ಬಂದು ಬೆಳಕು ಬಿಳಿಚಿಕೊಂಡಿತು. ನನಗೆ ಅಳುವೇ ಬಂದಿತ್ತು. ಮಾಸ್ತರಿಗೆ ಏನು ತೋರಿಸಲಿ, ಅಂಗಡಿಯವನ ಮಾತನ್ನೇ?

ಕೆಳಗಿಳಿದು ವಿರೂಪಾಕ್ಷನ ಗುಡಿಗೆ ಹೋದೆ. ದೇವರಿಗೆ ಕೈ ಮುಗಿದು ಹಿಂದಿನ ಮೆಟ್ಟಿಲ ಕಡೆ ಹೊರಟಾಗ, ಕತ್ತಲ ಕೋಣೆಯೊಂದರ ಬಾಗಿಲಲ್ಲಿ ಕೊರಳಿಗೆ ಕ್ಯಾಮೆರಾ ಹಾಕಿಕೊಂಡ ನಡುವಯಸ್ಸಿನ ಒಬ್ಬರು ನಿಂತಿದ್ದರು. ಪ್ರವಾಸಿಗರ ಫೋಟೋ ತೆಗೆದು ಅಲ್ಲೇ ಪ್ರಿಂಟ್ ಹಾಕಿಕೊಡುವವರು, ಹೆಸರು ಹುಲುಗಪ್ಪ.

"ಬರ್ರಿ ಮೇಡಂ, ಗೋಪುರ ತೆಳಗ ಮ್ಯಾಲ ಆಗೈತಿ, ನೋಡ್ಬರ್ರಿ" ಎಂದರು.

ಚಿಕ್ಕವಳಿದ್ದಾಗ ನೋಡಿದ್ದೆ, ಮರೆತಿದ್ದೆ. ಎದುರಿನ ಗೋಡೆಯಲ್ಲಿ ಒಂದು ಸಣ್ಣ ಕಿಂಡಿ. ಅದರಿಂದ ಬಂದ ಬೆಳಕು ಇತ್ತಕಡೆಯ ಗೋಡೆಯ ಮೇಲೆ ಬಿದ್ದು, ಅಷ್ಟು ದೂರದಲ್ಲಿರುವ ದೊಡ್ಡ ಗೋಪುರ ಅಂಗೈ ಅಗಲದಲ್ಲಿ ತಲೆಕೆಳಗಾಗಿ ನಿಂತಿತ್ತು. ಅಂತಸ್ತುಗಳನ್ನು ಎಣಿಸಬಹುದಿತ್ತು. ಮೂವತ್ತು ವರ್ಷದಿಂದ ಇದೇ ಕಸುಬಿನಲ್ಲಿ ಅನ್ನ ತಿನ್ನುತ್ತಿದ್ದೇನೆ. ಫೋಟೋ ಎಂದರೆ ಏನೆಂದು ನನಗೆ ಅರ್ಥವಾದದ್ದು ಆ ಗೋಡೆಯ ಮುಂದೆ.

"ನೋಡ್ರಿ, ಕನ್ನಡಿ ಇಲ್ಲ, ಲೆನ್ಸ್ ಇಲ್ಲ. ಆದ್ರೂ ಫೋಟೋ ಬಿದ್ದೈತಿ" ಎಂದರು ಹುಲುಗಪ್ಪ.

ನಾನು ನನ್ನ ಕ್ಯಾಮೆರಾದ ಗೋಳನ್ನೂ ಮಾಸ್ತರ ಕಥೆಯನ್ನೂ ತೋಡಿಕೊಂಡೆ. ಅವರು ಅದನ್ನು ಕೈಗೆ ತೆಗೆದುಕೊಂಡು ಮೆನು ತಡಕಾಡಿದರು. "ಹಳೇ ಲೆನ್ಸಿಗೆ ತಂತಿ ಇಲ್ಲಲ್ರಿ, ಅದು ಮಾತಾಡಂಗಿಲ್ಲ. ಮಾತಾಡಲಿಲ್ಲಂದ್ರ ಇದು ಲೆನ್ಸೇ ಇಲ್ಲ ಅಂತ ತಿಳಕೊಂತೈತಿ. ಲೆನ್ಸ್ ಇಲ್ದಿದ್ರೂ ಹೊಡಿ ಅಂತ ನಾವ ಹೇಳಬೇಕ್ರಿ. ಹಾಂ, ಇಲ್ಲೈತಿ." ಮೆನುವಿನ ಒಂದು ಸಾಲನ್ನು ಹೌದು ಎಂದು ಬದಲಿಸಿದರು, ಅಷ್ಟೇ. ನನ್ನ ಮೊದಲ ಚಿತ್ರ ಆ ತಲೆಕೆಳಗಾದ ಗೋಪುರದ್ದಾಯಿತು. ಹುಲುಗಪ್ಪನವರು ಚಹಾದ ದುಡ್ಡನ್ನೂ ಮುಟ್ಟಲಿಲ್ಲ, ಮಾಸ್ತರಿಗೆ ನಮಸ್ಕಾರ ಹೇಳಲು ಮಾತ್ರ ಹೇಳಿದರು.

ಸಂಜೆಯವರೆಗೆ ಹುಚ್ಚು ಹಿಡಿದವಳಂತೆ ಸುತ್ತಿದೆ. ಹಳೆಯ ಕ್ಯಾಮೆರಾದಲ್ಲಿ ಈ ಲೆನ್ಸಿನ ಬೆಳಕಿನ ದ್ವಾರವನ್ನು ಕಿರಿದು ಮಾಡಿದರೆ, ಕಣ್ಣು ಹಚ್ಚಿ ನೋಡುವ ಕಿಂಡಿಯೊಳಗೆ ಕತ್ತಲಾಗುತ್ತಿತ್ತು. ಅದಕ್ಕೇ ಮಾಸ್ತರು ಪೂರ್ತಿ ತೆರೆದು ಫೋಕಸ್ ಮಾಡಿ, ಕಣ್ಣು ತೆಗೆಯದೆ ಬೆರಳಲ್ಲೇ ಕಿಟ್ ಕಿಟ್ ಕಿಟ್ ಎಂದು ಮೂರು ಎಣಿಸಿ ಲೆನ್ಸಿನ ಮೇಲಿನ ಉಂಗುರ ತಿರುಗಿಸಲು ಕಲಿಸಿದ್ದರು. ಹೊಸದರಲ್ಲಿ ಎಷ್ಟು ಕಿರಿದು ಮಾಡಿದರೂ ಬೆಳಕು ತಾನೇ ಸರಿಹೋಗುತ್ತದೆ, ಎಣಿಸುವ ಅಗತ್ಯವೇ ಇಲ್ಲ. ನನ್ನ ಬೆರಳು ಮಾತ್ರ ಎಣಿಸುತ್ತಲೇ ಇತ್ತು.

ಮೂರನೆಯ ದಿನ ಸಂಡೂರು. ಹೊಸಪೇಟೆಯಿಂದ ಒಂದು ತಾಸಿನ ದಾರಿ. ಎರಡೂ ಕಡೆ ಗುಡ್ಡ ಒತ್ತಿ ಬರುತ್ತದೆ, ಕಾಡು ಇನ್ನೂ ಹಸಿರಿತ್ತು. ಅದಿರಿನ ಲಾರಿ ಹೋದಲ್ಲೆಲ್ಲ ಆ ಹಸಿರಿನ ಮೇಲೆ ಕೆಂಪು ಧೂಳು. ಕನ್ನಡಿ ಇಲ್ಲದ ಕ್ಯಾಮೆರಾದಲ್ಲಿ ಲೆನ್ಸು ಬಿಚ್ಚಿದರೆ ಚಿತ್ರ ಹಿಡಿಯುವ ಒಳಗಿನ ಸೆನ್ಸರ್ ಧೂಳಿಗೆ ಬಟಾಬಯಲು. ಹಾಗಾಗಿ ಇಡೀ ದಿನ ಮಾಸ್ತರ ಲೆನ್ಸನ್ನೇ ಇಟ್ಟುಕೊಂಡೆ. ಸ್ವಾಮಿಮಲೆಯ ಕುಮಾರಸ್ವಾಮಿ ಗುಡಿಯಿಂದ ಕೆಳಗೆ ನೋಡಿದಾಗ ಕಂಡ ಕಣಿವೆಯ ಬಗ್ಗೆ ಬರೆಯುವ ಶಕ್ತಿ ನನಗಿಲ್ಲ. ನೋಡುತ್ತ ಕುಳಿತೆ, ತಂದಿದ್ದ ರೊಟ್ಟಿಯನ್ನೂ ಮರೆತು.

ಮಧ್ಯಾಹ್ನ ಊರಿಗಿಳಿದು, ಲಂಬಾಣಿ ಕಸೂತಿ ಮಾಡುವ ಶಾಂತಾಬಾಯಿ ಎಂಬವರ ಮನೆ ಜಗುಲಿಯಲ್ಲಿ ನೆರಳಿಗೆ ಕುಳಿತೆ. ಅರವತ್ತು ದಾಟಿದ ಹೆಂಗಸು, ಬಟ್ಟೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಹೊಲಿಯುತ್ತಿದ್ದರು. ಅನುಮತಿ ಕೇಳಿ ಅವರ ಕೆಲಸದ ಚಿತ್ರ ತೆಗೆಯಹೊರಟೆ. ಫೋಕಸ್ ಸರಿ ಇದೆಯೇ ಎಂದು ನೋಡಲು ಒಂದು ಗುಂಡಿ ಒತ್ತಿದರೆ, ಪರದೆಯ ಮೇಲೆ ಆ ಜಾಗ ಹತ್ತು ಪಟ್ಟು ದೊಡ್ಡದಾಗುತ್ತದೆ. ಶಾಂತಾಬಾಯಿ ಕತ್ತು ಚಾಚಿ ನೋಡಿದರು.

"ಅಯ್ಯ! ನಿಂದರವ್ವ, ತಗೀಬ್ಯಾಡ. ಇಲ್ಲೊಂದು ಎಳಿ ತಪ್ಪೈತಿ" ಎಂದು ಆ ಹೊಲಿಗೆಯನ್ನು ಬಿಚ್ಚಿಯೇಬಿಟ್ಟರು. "ಎರಡು ವರ್ಷಾತು, ನನ್ನ ಹೊಲಿಗಿ ನನಗ ಹಿಂಗ ಕಂಡಿದ್ದಿಲ್ಲ."

ಆ ಮಾತು ನನ್ನನ್ನು ಹಿಡಿದು ಅಲ್ಲಾಡಿಸಿತು. ಮಾಸ್ತರಿಗೆ ನಾನು ತೆಗೆದ ಹಂಪಿ ಏಕೆ ತೋರಿಸಬೇಕು? ಅವರೇ ತೆಗೆಯಬಾರದೇಕೆ?

ನಾಲ್ಕನೆಯ ದಿನ ಕಂಪ್ಲಿಯ ಬಸ್ಸು ಹತ್ತಿದೆ. ಕಮಲಾಪುರದ ಬಾಳೆ ತೋಟ ಕಳೆದು ಬುಕ್ಕಸಾಗರದ ಕಡೆ ಬಂದಾಗ ಗದ್ದೆಗಳಲ್ಲಿ ಭತ್ತದ ಕೊಯ್ಲು ನಡೆದಿತ್ತು. ಕಂಪ್ಲಿಯಲ್ಲಿ ಅಕ್ಕಿ ಗಿರಣಿಯ ಹೊಟ್ಟಿನ ವಾಸನೆ ಹಾಗೇ ಇದೆ. ಅದು ಮೂಗಿಗೆ ತಾಗಿದೊಡನೆ ನನಗೆ ಹದಿನಾಲ್ಕು ವರ್ಷ.

ಮಾಸ್ತರು ಸ್ಟುಡಿಯೋದ ಕಟ್ಟೆಯ ಮೇಲೆ ಕುಳಿತಿದ್ದರು. ಹಣೆಗೆ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. ನನ್ನ ಹೆಜ್ಜೆ ಸದ್ದಿಗೆ ಮುಖ ಎತ್ತಿದರು. ನೋಟ ನನ್ನನ್ನು ಬಿಟ್ಟು ಪಕ್ಕದ ಗೋಡೆಯ ಮೇಲೆ ನಿಂತಿತು.

"ಯಾರು, ಸುಮಾ ಏನವ್ವ? ಬಾ, ಕುಂದ್ರು. ಏ ಗೌರಿ, ನೀರು ತಗಂಬಾ, ಸುಮಾ ಬಂದಾಳ."

ಹೆಂಡತಿ ಗೌರಮ್ಮನವರು ತಂಬಿಗೆ ಹಿಡಿದು ಬಂದರು. ಲೆನ್ಸನ್ನು ಮಾಸ್ತರ ಕೈಯಲ್ಲಿಟ್ಟೆ. ಕೇಳಲೇ ಇಲ್ಲ ಅವರು ಇದೇನೆಂದು. ಬೆರಳು ನೇರ ಲೆನ್ಸಿನ ಮೇಲಿನ ಉಂಗುರಕ್ಕೆ ಹೋಗಿ ಕಿಟ್ ಕಿಟ್ ಕಿಟ್ ಎನಿಸಿತು.

ಕ್ಯಾಮೆರಾಕ್ಕೆ ಹಾಕಿ ಕೊಟ್ಟೆ. ಅವರು ಅಭ್ಯಾಸದಂತೆ ಕಿಂಡಿಗೆ ಕಣ್ಣು ಹಚ್ಚಿ, ಎದುರು ಕುಳಿತ ಗೌರಮ್ಮನವರ ಕಡೆ ತಿರುಗಿಸಿದರು. ಲೆನ್ಸನ್ನು ಅತ್ತಿತ್ತ ತಿರುಗಿಸಿ ನೋಡಿದರು. ಕೊನೆಗೆ ಕೆಳಗಿಳಿಸಿ, "ಇಲ್ಲವ್ವ, ಮಂಜು. ಬರೇ ಮಂಜು" ಎಂದರು.

"ಹಿಂದಿನ ಪರದಿ ಮ್ಯಾಲ ನೋಡ್ರಿ ಮಾಸ್ತರ" ಎಂದೆ. ಅಲ್ಲಿಗೆ ಕಾಲಿಟ್ಟೊಡನೆ ನನ್ನ ಬಾಯಿಗೂ ಆ ಊರ ಮಾತೇ ಬಂದಿತ್ತು.

"ಮೊಬೈಲ್ ಹಿಡದಂಗ ಕೈ ಚಾಚಿಕೊಂಡು? ಫೋಟೋದವ ಕಣ್ಣು ಹಚ್ಚಿ ನೋಡಬೇಕು. ಬ್ಯಾಡ ಬಿಡು." ಕ್ಯಾಮೆರಾವನ್ನು ನನ್ನ ಕಡೆ ತಳ್ಳಿದರು. ಅವರ ಹಟ ನನಗೆ ಗೊತ್ತು, ನನ್ನದು ಅವರಿಂದಲೇ ಕಲಿತದ್ದು. ಹಂಪಿಯ ಗೋಡೆಯ ಮಾತು ಹೇಳಿದೆ. ಅಲ್ಲಿ ಯಾರೂ ಕಣ್ಣು ಹಚ್ಚುವುದಿಲ್ಲ, ಗೋಡೆಯ ಮೇಲೆ ಬಿದ್ದದ್ದನ್ನು ನೋಡುತ್ತಾರೆ, ಇದೂ ಅಂಥದೇ ಗೋಡೆ ಎಂದೆ. ಅವರು ಕೈ ಚಾಚಿದರು.

ಪರದೆಯ ಬೆಳಕು ಏರಿಸಿದೆ, ಹತ್ತು ಪಟ್ಟು ದೊಡ್ಡದು ಮಾಡಿದೆ. ಅವರು ಮುಖವನ್ನು ಒಂದು ಮಗ್ಗುಲಿಗೆ ಓರೆ ಮಾಡಿ, ಕಡೆಗಣ್ಣಿನಿಂದ ನೋಡುತ್ತ ಲೆನ್ಸನ್ನು ನಿಧಾನ ತಿರುಗಿಸಿದರು. ಒಮ್ಮೆ ಮುಂದೆ ಹೋಗಿ ಹಿಂದೆ ಬಂದರು. ಕೈ ನಿಂತಿತು.

"ಗೌರಿ," ಎಂದರು, "ಮೂಗುಬಟ್ಟಿನ ಹರಳು ಒಂದು ಬಿದ್ದೈತಲ್ಲ. ಯಾವಾಗ?"

ಗೌರಮ್ಮನವರ ಕೈ ಮೂಗಿಗೆ ಹೋಯಿತು. "ಎರಡು ದೀಪಾವಳಿ ಆತು" ಎಂದರು. "ನೀವು ಕೊಡಿಸಿದ್ದು. ಹೆಂಗೂ ಕಾಣಂಗಿಲ್ಲ, ಹೇಳಿ ಯಾಕ ನೋಯಿಸಬೇಕು ಅಂತ ಬಿಟ್ಟಿದ್ದೆ." ಬಾಗಿಲಲ್ಲಿ ನಿಂತಿದ್ದ ಶಿಲ್ಪಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಕೈ ತಗಿ" ಎಂದರು ಮಾಸ್ತರು, ಗಿರಾಕಿಗೆ ಹೇಳುವ ದನಿಯಲ್ಲಿ. ಗುಂಡಿ ಒತ್ತಿದರು. ಅವರ ಬಲಹೆಬ್ಬೆರಳು ಫಿಲಂ ಮುಂದೆ ತಳ್ಳುವ ಕಡ್ಡಿಗಾಗಿ ಹುಡುಕಿ, ಸಿಗದೆ, ಗಾಳಿಯಲ್ಲೇ ಒಮ್ಮೆ ಎಳೆದು ಮತ್ತೆ ಒತ್ತಿತು. ಹಾಗೇ ತೆಗೆಯುತ್ತ ಹೋದರು. ಗೌರಮ್ಮನವರು ನಕ್ಕರು, ನಾಚಿದರು, ಸಾಕ್ರೀ ಎಂದರು. ಕೊನೆಗೊಮ್ಮೆ ಮಾಸ್ತರು ತಾವೇ ನಿಲ್ಲಿಸಿ ಕ್ಯಾಮೆರಾ ನನ್ನ ಕೈಗಿತ್ತರು.

"ರೋಲ್ ಮುಗೀತವ್ವ."

ಕಾರ್ಡಿನಲ್ಲಿ ಇನ್ನೂ ಸಾವಿರಾರು ಚಿತ್ರಗಳಿಗೆ ಜಾಗವಿತ್ತು. ನಾನು ಹೂಂ ಎಂದು ಕ್ಯಾಮೆರಾ ಆಫ್ ಮಾಡಿದೆ.

ಶಿಲ್ಪಾಳ ಸ್ಟುಡಿಯೋದಲ್ಲಿ ಇದ್ದದ್ದೂ ನನ್ನ ಕ್ಯಾಮೆರಾದ ಕಂಪನಿಯದೇ ಮಿರರ್‌ಲೆಸ್. ಮದುವೆಗೆ ಒಯ್ಯುತ್ತಾಳೆ, ಅದು ತಾನೇ ಫೋಕಸ್ ಮಾಡುತ್ತದೆ. ಮಾವನ ಕೈಗೆ ಅದನ್ನು ಕೊಡಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಲೆನ್ಸನ್ನು ಉಂಗುರ ಸಮೇತ ಅದಕ್ಕೆ ಸಿಕ್ಕಿಸಿ, ಹುಲುಗಪ್ಪ ತೋರಿಸಿದ ಸಾಲನ್ನು ಅದರಲ್ಲೂ ಬದಲಿಸಿ, ದೊಡ್ಡದು ಮಾಡುವ ಗುಂಡಿಯ ಮೇಲೆ ಬೆರಳಿಗೆ ಸಿಗುವಂತೆ ಒಂದು ತುಂಡು ಟೇಪು ಅಂಟಿಸಿದೆ. ಅನ್ನ, ಬದನೆಕಾಯಿ ಎಣ್ಣೆಗಾಯಿ ಉಂಡು, ನಾಲ್ಕರ ಬಸ್ಸಿಗೆ ಹೊರಟೆ.

ಬುಕ್ಕಸಾಗರ ದಾಟುವಾಗ ಕ್ಯಾಮೆರಾ ಆನ್ ಮಾಡಿ ಮಾಸ್ತರ ಚಿತ್ರಗಳನ್ನು ಎಣಿಸಿದೆ. ಸರಿಯಾಗಿ ಮೂವತ್ತಾರು, ಒಂದು ಫಿಲಂ ರೋಲಿನಷ್ಟು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಮೊದಲ ಕೆಲವು ಅಲ್ಲಾಡಿವೆ, ಒಂದರಲ್ಲಿ ಗೌರಮ್ಮನವರ ಅರ್ಧ ಮುಖವೇ ಇಲ್ಲ. ಕೊನೆಯದರಲ್ಲಿ ಅವರು ನೇರ ಗಂಡನನ್ನೇ ನೋಡುತ್ತಿದ್ದಾರೆ. ಅದನ್ನು ದೊಡ್ಡದು ಮಾಡಿ ನೋಡಿದೆ. ಕೆನ್ನೆ ಮೆತ್ತಗಿದೆ, ಕಣ್ಣೂ ಒಂದಿಷ್ಟು ಮೆತ್ತಗಿದೆ. ಕೂದಲೆಳೆಯಷ್ಟೂ ತಪ್ಪದೆ ಫೋಕಸ್ ಬಿದ್ದದ್ದು ಮೂಗುಬಟ್ಟಿನಲ್ಲಿ, ಆ ಹರಳು ಇಲ್ಲದ ಕುಳಿಯ ಮೇಲೆ.