ಜ್ವಾಲಾಮುಖಿಯ ಮೇಲೆ ಇಡ್ಲಿ

ವಾರಿಜಕ್ಕನ ದೃಷ್ಟಿಯಲ್ಲಿ ಭೂಮಂಡಲವೆಂಬುದು ಒಂದು ದೊಡ್ಡ ಅಡುಗೆಮನೆ. ಸರೋವರ ಕಂಡರೆ "ಪಾತ್ರೆ ತೊಳೆಯಲಿಕ್ಕೆ ಒಳ್ಳೇದುಂಟು" ಎನ್ನುವರು. ಜಲಪಾತದ ಮುಂದೆ ನಿಂತು "ಅಕ್ಕಿ ತೊಳೆಯಲಿಕ್ಕೆ ರಭಸ ಜಾಸ್ತಿಯಾಯಿತು" ಎಂದು ತೀರ್ಪು ಕೊಡುವರು. ಉಮ್ ಅಲ್ ಹಸ್ಸಮ್ ಬಡಾವಣೆಯಲ್ಲಿ ನಮ್ಮ ಎದುರು ಫ್ಲ್ಯಾಟಿನವರು. ಈದ್ ರಜೆ ಬಂತೆಂದರೆ ಬಹರೇನಿನ ಸಪಾಟು ಮರಳನ್ನು ಬಿಟ್ಟು, ಬೆಟ್ಟ ನೀರು ಇರುವ ಯಾವುದಾದರೂ ದೇಶಕ್ಕೆ ನಮ್ಮನ್ನೂ ಎಳೆದುಕೊಂಡು ಹೊರಡುವರು. ಒಮ್ಮೆ ಪಾಸ್‌ಪೋರ್ಟ್ ಮರೆತದ್ದುಂಟು. ಇಡ್ಲಿ ಪಾತ್ರೆ ಮರೆತದ್ದಿಲ್ಲ. ಅವರ ಯಜಮಾನರು ಸೀಫ್‌ನ ಆಫೀಸಿನಲ್ಲಿ ಮ್ಯಾನೇಜರು, ಪ್ರವಾಸದಲ್ಲಿ ಆ ಪಾತ್ರೆ ಹೊರುವ ಹುದ್ದೆಯವರು.

ಅಜರ್‌ಬೈಜಾನಿಗೆ ಹೋಗಿದ್ದ ವರ್ಷ ತುಮಕೂರಿನಿಂದ ನನ್ನ ಅಮ್ಮನೂ ಬಂದಿದ್ದರು. ಹೊರಗಿನ ಅಡುಗೆ ಮುಟ್ಟದವರು. ವಾರಿಜಕ್ಕನ ಕೈ ಅಡುಗೆಗೆ ಮಾತ್ರ ಅವರ ಮಂಜೂರಾತಿ ಇತ್ತು. ಬಾಕುವಿನಲ್ಲಿ ಇಳಿದ ಮರುದಿನ ಬೆಳಿಗ್ಗೆ ಅಮ್ಮ ಘೋಷಿಸಿದರು:

"ಬರೀ ಬಾಳೆಹಣ್ಣು ತಿಂದ್ಕೊಂಡು ನಾನು ಜಲಪಾತ ಗಿಲಪಾತ ಹತ್ತಲ್ಲ ಕಣೋ. ನೀವು ನೋಡ್ಕೊಂಡು ಬನ್ನಿ."

ಜಲಪಾತ ತೋರಿಸುತ್ತೇನೆಂದು ಕರೆತಂದ ಮಗನ ಮಾನ ಹೋಗುವುದರಲ್ಲಿತ್ತು. ಆಗ ವಾರಿಜಕ್ಕ ಅಭಯ ಕೊಟ್ಟರು.

"ಎಂತಕ್ಕೆ ಹೆದರುವುದು ಅಮ್ಮಾ? ಇವತ್ತು ಜ್ವಾಲಾಮುಖಿ ನೋಡ್ಲಿಕ್ಕೆ ಹೋಗುವುದಲ್ವಾ? ಹಿಟ್ಟು ಮನೆಯಿಂದ್ಲೇ ತಂದಿದ್ದೇನೆ. ಹೋಟೆಲಲ್ಲಿ ಒಲೆ ಹಚ್ಚಬಾರ್ದು ಅಂತಾರೆ. ಜ್ವಾಲಾಮುಖಿಯಲ್ಲಿ ಯಾರು ಕೇಳ್ತಾರೆ?"

ಈ ತರ್ಕದಲ್ಲಿ ಇಂಜಿನಿಯರನಾದ ನನಗೂ ದೋಷ ಕಾಣಲಿಲ್ಲ.

ಅದು ಮಣ್ಣಿನ ಜ್ವಾಲಾಮುಖಿ. ಹುತ್ತದಂಥ ಬೂದು ದಿಬ್ಬಗಳು. ಬಾಯಲ್ಲಿ ಕೆಸರು ಗುಳುಗುಳು ಎನ್ನುತ್ತಿತ್ತು. ಇಡ್ಲಿ ಪಾತ್ರೆಯನ್ನು ಕಂಕುಳಲ್ಲಿ ಅವುಚಿಕೊಂಡ ವಾರಿಜಕ್ಕ ಬಿಸಿ ನೋಡಲು ಹೆದರುತ್ತಲೇ ಬೆರಳ ತುದಿ ತಾಗಿಸಿದರು.

"ಅಯ್ಯೋ! ಇದೆಂತ ಮಾರಾಯ್ರೇ, ಫ್ರಿಜ್ಜಿಂದ ತೆಗೆದ ಹಾಗೆ ಉಂಟು! ಇದಕ್ಕೆ ಜ್ವಾಲಾಮುಖಿ ಅಂತ ಹೆಸರಿಟ್ಟವರನ್ನು ಸ್ವಲ್ಪ ಕರೀರಿ ಇಲ್ಲಿ!"

ಒಳಗಿನ ಅನಿಲ ಕೆಸರನ್ನು ಮೇಲಕ್ಕೆ ನೂಕುತ್ತದೆ ಅಷ್ಟೇ, ಶಾಖವಿಲ್ಲ ಎಂದು ಗೈಡ್ ವಿವರಿಸಿದ. ಅಮ್ಮ ಬಗ್ಗಿ ನೋಡಿ, "ನಿನ್ನ ಹಿಟ್ಟಿಗಿಂತ ಇದೇ ಚೆನ್ನಾಗಿ ಹುದುಗು ಬಂದಿದೆ ಕಣೆ ವಾರಿಜಾ" ಎಂದರು. ವಾರಿಜಕ್ಕ ಅಂದು ಮತ್ತೆ ಮಾತಾಡಲಿಲ್ಲ. ಅದು ನಾನು ಕಂಡ ಏಕೈಕ ನೈಸರ್ಗಿಕ ವಿಸ್ಮಯ.

ಮರುದಿನ ಜಲಪಾತ. ಅಮ್ಮನನ್ನು ಹೇಗೋ ವ್ಯಾನಿನಲ್ಲಿ ಕೂರಿಸಿಕೊಂಡು ಬಂದೆವು. ಇಳಿಯುವುದಕ್ಕೆ ಮಾತ್ರ ಒಪ್ಪಲಿಲ್ಲ. ಬೆಟ್ಟದ ಬುಡದಲ್ಲಿ ಒಬ್ಬ ಹೆಂಗಸು ಸೌದೆ ಒಲೆಯ ಮೇಲೆ ಚಹಾದ ನೀರು ಕಾಯಿಸುತ್ತಿದ್ದಳು. ವಾರಿಜಕ್ಕ ನೇರ ಅಲ್ಲಿಗೆ ನಡೆದರು. ಹಿಟ್ಟು ತೋರಿಸಿದರು, ಒಲೆ ತೋರಿಸಿದರು, ವ್ಯಾನಿನಲ್ಲಿದ್ದ ಅಮ್ಮನನ್ನು ತೋರಿಸಿ ತಮ್ಮ ಹೊಟ್ಟೆ ಹಿಡಿದುಕೊಂಡರು. ಆಕೆ ತನ್ನ ಪಾತ್ರೆ ಇಳಿಸಿ ಜಾಗ ಬಿಟ್ಟಳು.

ಹಬೆ ಎದ್ದಿತು. ಅಮ್ಮ ತಾವಾಗಿ ಇಳಿದು ಬಂದರು.

"ಹುಳಿ" ಎಂದರು ಮೊದಲ ತುತ್ತಿಗೆ. ಆಮೇಲೆ ತಟ್ಟೆಯನ್ನು ಮತ್ತೆ ಮುಂದೆ ಹಿಡಿದರು. ಚಹಾದವಳಿಗೂ ಒಂದು ಇಡ್ಲಿ ಕೊಟ್ಟೆವು. ಆಕೆ ಅದಕ್ಕೆ ಚೆರ್ರಿ ಜಾಮ್ ಸವರಿಕೊಂಡು ತಿಂದಳು. ವಾರಿಜಕ್ಕ ಕಣ್ಣುಮುಚ್ಚಿಕೊಂಡು ಕ್ಷಮಿಸಿದರು. ಅಮ್ಮ ಕೈ ತೊಳೆದುಕೊಂಡು, "ಎಲ್ಲೋ ನಿನ್ನ ಜಲಪಾತ? ನಡಿ" ಎಂದು ನನಗಿಂತ ಮುಂದೆ ಮೆಟ್ಟಿಲು ಹತ್ತಿದರು.

ಹೋದ ವರ್ಷ ವಾರಿಜಕ್ಕನ ಯಜಮಾನರು ನಿವೃತ್ತರಾಗಿ ಮಂಗಳೂರಿಗೆ ಹೊರಟರು. ಸಾಮಾನೆಲ್ಲ ಕಾರ್ಗೋದಲ್ಲಿ ಹೋಯಿತು. ಇಡ್ಲಿ ಪಾತ್ರೆ ಮಾತ್ರ ವಾರಿಜಕ್ಕನ ಕೈಯಲ್ಲಿ. "ನೀವಿನ್ನು ಎಲ್ಲಿಗಾದ್ರೂ ಹೋದ್ರೆ ಒಲೆ ಉಂಟಾ ಕೇಳಿಕೊಂಡು ಹೋಗಿ" ಎಂದು ಲಿಫ್ಟಿನ ಬಾಗಿಲು ಮುಚ್ಚುವವರೆಗೂ ಉಪದೇಶಿಸುತ್ತಿದ್ದರು.

ಈ ಈದ್‌ಗೆ ಒಮಾನಿನ ಸಲಾಲಾಕ್ಕೆ ಹೋಗುವ ಯೋಚನೆ. ಅಲ್ಲಿ ಜಲಪಾತಗಳಿವೆ, ನೀನೂ ಬಾ ಎಂದು ಅಮ್ಮನಿಗೆ ಫೋನಿನಲ್ಲಿ ಹೇಳಿದೆ.

"ವಾರಿಜ ಬರ್ತಾಳೇನೋ?"

"ಇಲ್ಲಮ್ಮ, ಅವರು ಊರಿಗೆ ಹೋದರಲ್ಲ."



"ಮತ್ತೆ ಅಲ್ಲಿ ನೋಡೋಕೇನಿದೆ?"